ತಡವಾಯ್ತಂತೆ!
ಕೆನ್ಯಾದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಮೌ ಮೌ ದಂಗೆಗೆ ಸಂಬಂಧಿಸಿದ ಕೇಸಿನ ಬಗ್ಗೆ ಓದುತ್ತಿದ್ದೆ. 1950ರ ದಶಕದಲ್ಲಿ ಬ್ರಿಟಿಷರ ಬಂಧನ ಶಿಬಿರಗಳಲ್ಲಿ ಚಿತ್ರಹಿಂಸೆ ತಿಂದವರು ಮುದುಕರಾದ ಮೇಲೆ ಲಂಡನ್ ಕೋರ್ಟಿಗೆ ಹೋದರು. ಬ್ರಿಟಿಷ್ ಸರ್ಕಾರದ ವಾದ ಏನು ಗೊತ್ತಾ? ಹೊಣೆ ನಮ್ಮದಲ್ಲ, ಸ್ವಾತಂತ್ರ್ಯ ಬಂದಾಗಲೇ ಅದು ಕೆನ್ಯಾ ಸರ್ಕಾರಕ್ಕೆ ಹೋಯಿತು, ಅಲ್ಲದೆ ಕೇಸು ಹಾಕಿದ್ದು ತುಂಬಾ ತಡವಾಯ್ತು ಅಂತ. ಆ ಕಾಲದ ಕಡತಗಳನ್ನು ಇಂಗ್ಲೆಂಡಿನ ಹ್ಯಾನ್‌ಸ್ಲೋಪ್ ಪಾರ್ಕ್ ಎಂಬ ಸರ್ಕಾರಿ ತಾಣದಲ್ಲಿ ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದವರೂ ಇವರೇ ಅಲ್ವಾ! ಈ ಎರಡು ಕಾರಣಕ್ಕೆ ಕೇಸು ವಜಾ ಮಾಡಲು ಕೋರ್ಟು ಒಪ್ಪಲಿಲ್ಲ. 2013ರಲ್ಲಿ 5,228 ಜನರಿಗೆ, ವಕೀಲರ ಖರ್ಚೂ ಸೇರಿ, 1.99 ಕೋಟಿ ಪೌಂಡ್ ಕೊಡಲು ರಾಜಿಯಾಯಿತು.

2015ರಲ್ಲಿ ನೈರೋಬಿಯ ಉಹುರು ಪಾರ್ಕ್‌ನಲ್ಲಿ ಸ್ಮಾರಕವೂ ಎದ್ದಿತು, ಬ್ರಿಟಿಷರ ದುಡ್ಡಲ್ಲೇ. ಒಬ್ಬ ಹೆಂಗಸು ಹೋರಾಟಗಾರನಿಗೆ ಊಟ ಕೊಡುತ್ತಿದ್ದಾಳೆ, ಇಬ್ಬರ ಮುಖವೂ ಬೇರೆ ಬೇರೆ ಕಡೆಗೆ. ಸಿಕ್ಕಿಬಿದ್ದರೂ ಒಬ್ಬರು ಇನ್ನೊಬ್ಬರ ಗುರುತು ಹೇಳುವಂತಾಗಬಾರದಲ್ಲ, ಅದಕ್ಕೆ.

ದುಡ್ಡು ಕೊಟ್ಟರು, ವಿಷಾದ ಅಂದರು. ಕಾನೂನಿನ ಹೊಣೆ ಮಾತ್ರ ಇವತ್ತಿಗೂ ಒಪ್ಪಿಲ್ಲ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅದಕ್ಕೇ.