ನಗದೆ ನಗಿಸಿದ ಬಸ್ಟರ್ ಕೀಟನ್

ಯಕ್ಷಗಾನ ನೋಡಿ ಬೆಳೆದ ಉಡುಪಿ ಕಡೆಯವರಿಗೆ ಹಾಸ್ಯಗಾರನೆಂದರೆ ಮಾತಿನ ಮಲ್ಲ. ಮೂಕಿ ಚಿತ್ರಗಳ ಹಾಸ್ಯನಟ ಕೀಟನ್‌ಗೆ ಮಾತೂ ಇಲ್ಲ, ಮುಖದಲ್ಲಿ ನಗುವೂ ಇಲ್ಲ. 1895ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ಅಪ್ಪ ಅಮ್ಮನ ಜೊತೆ ರಂಗಕ್ಕಿಳಿದ. ಅಪ್ಪ ಅವನನ್ನು ಎತ್ತಿ ಎಸೆಯುವುದೇ ಆಟ. ತಾನು ನಕ್ಕರೆ ಜನ ಅಷ್ಟು ನಗುವುದಿಲ್ಲ ಎಂದು ಕಲಿತದ್ದು ಅಲ್ಲೇ.

1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಬಿರುಗಾಳಿಗೆ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ಮಾಳಿಗೆಯ ತೆರೆದ ಕಿಟಕಿ ಸರಿಯಾಗಿ ಅವನು ನಿಂತಲ್ಲಿಗೇ ಬರುವುದರಿಂದ ಬದುಕುತ್ತಾನೆ. ಕ್ಯಾಮೆರಾ ಚಮತ್ಕಾರವಲ್ಲ, ನಿಜವಾದ ಭಾರದ ಗೋಡೆ. ಹಗುರವಾಗಿದ್ದರೆ ಗಾಳಿಗೆ ತಿರುಚಿ ಕಿಟಕಿಯ ಜಾಗ ತಪ್ಪುತ್ತಿತ್ತು. ಸುತ್ತ ಉಳಿದದ್ದು ಕೆಲವೇ ಇಂಚು. ಎದೆ ಝಲ್ಲೆನ್ನುತ್ತದೆ!

1924ರ ‘ಶೆರ್ಲಾಕ್ ಜೂನಿಯರ್’ನಲ್ಲಿ ನೀರಿನ ರಭಸಕ್ಕೆ ರೈಲುಹಳಿಗೆ ಬಿದ್ದು ಕುತ್ತಿಗೆಯ ಮೂಳೆ ಮುರಿದಿತ್ತು, ಗೊತ್ತಾದದ್ದು ವರ್ಷಗಳ ನಂತರ, ಎಕ್ಸ್‌ರೇಯಲ್ಲಿ.

1928ರಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೋ ಸೇರಿದ್ದೇ ದೊಡ್ಡ ತಪ್ಪು. ಚಿತ್ರದ ಮೇಲಿನ ಹಿಡಿತ ಕೈತಪ್ಪಿತು. 1966ರಲ್ಲಿ ತೀರಿಕೊಂಡ.

ಮಂಗಳೂರಿನಲ್ಲಿ ಮೂಕಿ ಚಿತ್ರ ತೋರಿಸುವವರು ವೇಗವನ್ನು ಮೊದಲು ನೋಡಿಕೊಳ್ಳಬೇಕು. ಸೆಕೆಂಡಿಗೆ 18 ಫ್ರೇಮಿನಂತೆ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ವೇಗ ಮೂರನೇ ಒಂದು ಪಾಲು ಹೆಚ್ಚುತ್ತದೆ. ಬೀಳುವವನ ಮೈಭಾರವೇ ಕಾಣುವುದಿಲ್ಲ.