ಕಡಲು ದಾಟಿ ಬಂದ ತಾಯಿ

ಅಂಕೋಲೆಯ ಆರ್ಯಾದುರ್ಗೆಯ ಗುಡಿಗೆ ಹೋಗುವಾಗಲೆಲ್ಲ ನನ್ನ ಅಜ್ಜಿ ಎರಡು ಮಾಲೆ ಅಬ್ಬಲಿಗೆ ಕೊಳ್ಳುತ್ತಿದ್ದಳು. ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರ ಹತ್ತಿರ. ಒಂದು ಮಾಲೆ ದೇವಿಗೆ. ಇನ್ನೊಂದನ್ನು ಕೊಡದೆ ಬಾಳೆ ಎಲೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅದು ಯಾರಿಗೆ ಅಂತ ಕೇಳಿದರೆ, "ಅವಳ ಹಳೇ ಮನೆಗೆ, ತಂಗಿ" ಅನ್ನುತ್ತಿದ್ದಳು.

ಆ ಹಳೇ ಮನೆ ಅಂಜುದೀವ. ಕಾರವಾರದ ದಕ್ಷಿಣಕ್ಕೆ, ಬಿಣಗಾದ ಎದುರು ಕಡಲಲ್ಲಿರುವ ದ್ವೀಪ. ದಡದಿಂದ ನೋಡಿದರೆ ಕೈಚಾಚಿದಷ್ಟು ದೂರ. ಆದರೆ ಆಡಳಿತದ ಲೆಕ್ಕದಲ್ಲಿ ಅದು ಗೋವಾದ ಕಾಣಕೋಣ ತಾಲೂಕಿಗೆ ಸೇರಿದ್ದು. ಇವತ್ತು ಅದು ನೌಕಾನೆಲೆಯ ಆವರಣದ ಒಳಗಿದೆ. ಅಲೆ ತಡೆಯುವ ಕಲ್ಲಿನ ಒಡ್ಡು ಹಾಕಿ ದ್ವೀಪವನ್ನು ದಡಕ್ಕೇ ಜೋಡಿಸಿದ್ದಾರೆ. ನಮ್ಮಂಥವರು ಅಲ್ಲಿಗೆ ಸುಮ್ನೆ ಹೋಗಿ ಬರುವಂತಿಲ್ಲ.

ಹಿಂದೆ ಅಲ್ಲಿಗೆ ಯಾರ್ಯಾರೋ ಬಂದರು. 14ನೇ ಶತಮಾನದ ಯಾತ್ರಿಕ ಇಬ್ನ್ ಬತೂತ ಗೋವಾದ ಕಡೆಯಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ ದಡಕ್ಕೆ ಹತ್ತಿರದ ಒಂದು ಚಿಕ್ಕ ದ್ವೀಪದ ಬಳಿ ಹಡಗು ನಿಲ್ಲಿಸಿದ್ದನ್ನು ಬರೆದಿದ್ದಾನೆ. ಅಲ್ಲೊಂದು ಗುಡಿ, ತೋಟ, ನೀರಿನ ಕೊಳ. ಎರಡು ಮೂರ್ತಿಗಳ ನಡುವೆ ಗೋಡೆಗೆ ಒರಗಿ ಒಬ್ಬ ಜೋಗಿ ಕೂತಿದ್ದನಂತೆ. ಮಾತಾಡಿಸಿದರೆ ಮಾತಿಲ್ಲ. ಅವನೊಮ್ಮೆ ಕೂಗಿದ್ದಕ್ಕೆ ಮರದಿಂದ ತೆಂಗಿನಕಾಯಿ ಬಿತ್ತು, ಅದನ್ನು ಎತ್ತಿ ಇವರಿಗೆ ಕೊಟ್ಟ. ಬದಲಿಗೆ ಹಣ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ದ್ವೀಪದ ಹೆಸರನ್ನು ಆತ ಹೇಳಿಲ್ಲ. ಅದು ಅಂಜುದೀವವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನನಗೆ ಈ ಪ್ರಸಂಗ ತುಂಬ ಇಷ್ಟ. ದೇವರ ಅಂಗಳಕ್ಕೆ ಬಂದ ಅಪರಿಚಿತನನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ನಮ್ಮ ಕಡೆಯ ರೀತಿ. ಅದು ಅಷ್ಟು ಹಳೆಯದು, ಅಲ್ವಾ?

ಆಮೇಲೆ 1498ರ ಸೆಪ್ಟೆಂಬರ್ ಕೊನೆಯಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಬಂದವು. ಕಲ್ಲಿಕೋಟೆಯಿಂದ ಹಿಂದಿರುಗುವಾಗ ಹಡಗು ದುರಸ್ತಿ ಮಾಡಲು, ಕುಡಿಯುವ ನೀರು ತುಂಬಿಕೊಳ್ಳಲು ಅವರು ಇಲ್ಲಿ ಕೆಲವು ದಿನ ತಂಗಿದ್ದರು. ಅವರಲ್ಲೊಬ್ಬ ಬರೆದಿಟ್ಟ ದಿನಚರಿ ಉಳಿದಿದೆ. ದ್ವೀಪದಲ್ಲಿ ದೊಡ್ಡ ಕಲ್ಲಿನ ಕಟ್ಟಡವೊಂದು ಪಾಳು ಬಿದ್ದಿತ್ತು. ಒಂದು ಭಾಗ ಮಾತ್ರ ಉಳಿದಿತ್ತು, ಅದಕ್ಕೆ ಹುಲ್ಲು ಹೊದಿಸಿದ್ದರು. ನಡುವೆ ಮೂರು ಕಪ್ಪು ಕಲ್ಲುಗಳು. ಜನ ಅವಕ್ಕೇ ಕೈಮುಗಿಯುತ್ತಿದ್ದರು. ಪಕ್ಕದಲ್ಲೇ ಕಲ್ಲು ಕಟ್ಟಿದ ಕೆರೆ.

ಆ ಸಾಲುಗಳನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಕಲ್ಲಿನ ಗುಡಿ ಬಿದ್ದುಹೋಗಿದೆ. ಆದರೆ ಮಳೆಗಾಲಕ್ಕೆ ಮುಂಚೆ ಯಾರೋ ಬಂದು ಹುಲ್ಲು ಹೊದಿಸಿ ಹೋಗಿದ್ದಾರೆ. ಅವರು ಯಾರು? ಮೀನು ಹಿಡಿಯುವವರೋ, ದಡದಿಂದ ದೋಣಿಯಲ್ಲಿ ಬರುತ್ತಿದ್ದ ಒಕ್ಕಲುಗಳೋ. ನಮ್ಮ ಕಡೆಯ ಮಳೆ ಗೊತ್ತಿದ್ದವರಿಗೆ ಗೊತ್ತು, ಹುಲ್ಲಿನ ಮಾಡು ಒಂದು ಮಳೆಗಾಲಕ್ಕೇ ಕೊಳೆಯುತ್ತದೆ. ವರ್ಷ ವರ್ಷವೂ ಹೊಸ ಹುಲ್ಲು ಹಾಕಬೇಕು. ಅಂದರೆ ವರ್ಷ ವರ್ಷವೂ ಯಾರೋ ಕಡಲು ದಾಟಿ ಬರುತ್ತಿದ್ದರು. ದೊಡ್ಡ ಗೋಪುರ ಕಟ್ಟಿಸಿದ ರಾಜರ ಹೆಸರು ಶಾಸನದಲ್ಲಿ ಇರುತ್ತದೆ. ಈ ಹುಲ್ಲು ಹೊದಿಸಿದವರ ಭಕ್ತಿ ಅದಕ್ಕಿಂತ ದೊಡ್ಡದು ಅಂತ ನನಗೆ ಮನಸಾರೆ ಅನ್ನಿಸುತ್ತದೆ.

1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿದ. ಮರುವರ್ಷವೇ ಅವರು ಅದನ್ನು ಕೆಡವಿ ಬಿಟ್ಟು ಹೋದರು. 1682ರಲ್ಲಿ ಮತ್ತೆ ಬಂದು ಕೋಟೆ ಎಬ್ಬಿಸಿದರು. ಚರ್ಚು ಬಂತು. 1961ರ ಡಿಸೆಂಬರ್‌ವರೆಗೂ ದ್ವೀಪ ಅವರ ಕೈಯಲ್ಲೇ ಇತ್ತು. ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ದೇವಿಯ ಹಳೇ ಮನೆಯನ್ನು ನೆನೆಯುವಾಗ ಅವರನ್ನೂ ನೆನೆಯದೆ ಇರಲು ನನ್ನಿಂದ ಆಗುವುದಿಲ್ಲ.

ದೇವಿ ಅಂಕೋಲೆಗೆ ಬಂದ ಕತೆ ಈ ಗಲಾಟೆಯ ನಡುವಿನದು. ಪರಂಗಿಯವರು ದ್ವೀಪ ಹಿಡಿದಾಗ ಭಕ್ತರು ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ದಕ್ಷಿಣಕ್ಕೆ ಹೊರಟರು, ಅಂಕೋಲೆಯಲ್ಲಿ ನೆಲೆ ಮಾಡಿಸಿದರು ಎಂದು ನಮ್ಮಲ್ಲಿ ಹೇಳುತ್ತಾರೆ. ಅಜದುರ್ಗೆ, ಅಂದರೆ ಇದೇ ದೇವಿ, ಇದ್ದ ದ್ವೀಪ ಅಂತಲೇ ಅಂಜುದೀವ ಎಂಬ ಹೆಸರು ಬಂತು ಅನ್ನುವವರೂ ಇದ್ದಾರೆ. ಅಜ್ಜಿ ಈ ಕತೆ ಹೇಳುವಾಗ ದೋಣಿಯ ಹತ್ತಿರ ಬಂದರೆ ದನಿ ಇಳಿಸುತ್ತಿದ್ದಳು. "ಮೇಲೆ ಕತ್ತಲೆ, ಕೆಳಗೆ ನೀರು. ಅವಳನ್ನು ಕಾಯಲು ಮನುಷ್ಯರು. ಮನುಷ್ಯರನ್ನು ಕಾಯಲು ಅವಳು" ಅನ್ನುತ್ತಿದ್ದಳು. ನಾನು ಚಿಕ್ಕವಳಿದ್ದಾಗ ದೇವಿಗೆ ಚಳಿ ಆಗಿರಬೇಕು ಅಂತ ಯೋಚಿಸುತ್ತಿದ್ದೆ.

ಈ ಸಲದ ನವರಾತ್ರಿಯಲ್ಲಿ ಲಲಿತಾ ಪಂಚಮಿಯ ದಿನ ಅಂಕೋಲೆಗೆ ಹೋಗಿದ್ದೆ. ಅಜ್ಜಿ ಇಲ್ಲದೆ ಹೋದ ಮೊದಲ ನವರಾತ್ರಿ. ಗುಡಿಯಲ್ಲಿ ಜನ ಜಾಸ್ತಿ ಇದ್ದರು. ಕುಂಕುಮಾರ್ಚನೆಗೆ ಕೂತ ಹೆಂಗಸರ ನಡುವೆ ನನಗೂ ಸ್ವಲ್ಪ ಜಾಗ ಸಿಕ್ಕಿತು. ಪಕ್ಕದಲ್ಲಿ ವಯಸ್ಸಾದ ಒಬ್ಬರು ಕೂತಿದ್ದರು. ಯಾವ ಊರು ಅಂತ ಕೇಳಿದೆ. ತೋಡೂರು ಕಾಲೊನಿ ಅಂದರು. ಒಂದು ಕ್ಷಣ ಬಿಟ್ಟು, "ಮೊದಲು ಅರ್ಗಾ" ಅಂತ ಸೇರಿಸಿದರು.

ನಮ್ಮ ಕಡೆಯವರಿಗೆ ಅಷ್ಟು ಸಾಕು. 1986ರಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಆಯಿತು, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಕಾರವಾರ ಮತ್ತು ಅಂಕೋಲೆ ನಡುವಿನ ಎಷ್ಟೋ ಹಳ್ಳಿಗಳವರು ದೇಶಕ್ಕಾಗಿ ಮನೆ, ಗದ್ದೆ, ದೋಣಿ ಕಟ್ಟುತ್ತಿದ್ದ ದಡ ಎಲ್ಲ ಬಿಟ್ಟು ಎದ್ದು ಬಂದರು. ಸೀಬರ್ಡ್ ನಿರಾಶ್ರಿತರು ಅಂತಲೇ ಅವರಿಗೆ ಹೆಸರು. ಊರು ಕೇಳಿದರೆ ಇವತ್ತೂ ಎರಡು ಹೆಸರು ಹೇಳುತ್ತಾರೆ.

"ಅವಳಿಗೂ ಹಾಗೇ ಅಲ್ವಾ ಅಮ್ಮಾ" ಅಂದರು ಆ ತಾಯಿ, ದೇವಿಯ ಕಡೆ ನೋಡುತ್ತಾ. "ಎದ್ದು ಬಂದವಳೇ. ನಾವು ಏನೂ ಬಿಡಿಸಿ ಹೇಳಬೇಕಾಗಿಲ್ಲ."

ನಾನು ಇಷ್ಟು ವರ್ಷ ಆ ದೋಣಿಯ ಕತೆಯನ್ನು ದೇವಿಯನ್ನು ಉಳಿಸಿಕೊಂಡ ಕತೆ ಅಂತ ಕೇಳಿದ್ದೆ. ಅವರು ಅದನ್ನು ತಮ್ಮ ಮನೆಯ ಕತೆಯಾಗಿ ಕೇಳಿದ್ದರು. ಹರಕೆ ಹೊತ್ತುಕೊಂಡು ನಾವು ದೇವರ ಮುಂದೆ ನಿಲ್ಲುತ್ತೇವೆ, ಕಷ್ಟ ಹೇಳಿಕೊಳ್ಳುತ್ತೇವೆ. ಆ ಕಷ್ಟವನ್ನು ತಾನೂ ಪಟ್ಟವಳೇ ಎದುರಿಗೆ ಕೂತಿದ್ದಾಳೆ ಅಂದರೆ ಅದೆಂಥ ಧೈರ್ಯ! ಮಂಗಳಾರತಿಯ ಹೊತ್ತಿಗೆ ನನ್ನ ಕಣ್ಣು ತುಂಬಿತ್ತು. ಆ ಬೆಳಕಿನಲ್ಲಿ ದೇವಿಯ ಮುಖ ಸರಿಯಾಗಿ ಕಾಣಲಿಲ್ಲ.

ಕಾರವಾರದ ಎದುರಿನ ಇನ್ನೊಂದು ದ್ವೀಪ ಕೂರ್ಮಗಡದಲ್ಲಿ ಪುಷ್ಯ ಹುಣ್ಣಿಮೆಗೆ ನರಸಿಂಹನ ಜಾತ್ರೆ ನಡೆಯುತ್ತದೆ. ದೋಣಿ ತುಂಬ ಜನ, ಬಾಳೆಗೊನೆ, ಗದ್ದಲ. ಅಲ್ಲಿಗೆ ಹೋದಾಗ ಅಂಜುದೀವದಲ್ಲೂ ಒಂದು ಕಾಲಕ್ಕೆ ಹೀಗೇ ಇದ್ದಿರಬೇಕು ಅಂದುಕೊಳ್ಳುತ್ತೇನೆ.

ಪೂಜೆ ಮುಗಿದ ಮೇಲೆ ಬಸ್ಸು ಹತ್ತಿದೆ. ನಾನೂ ಎರಡು ಮಾಲೆ ಕೊಂಡಿದ್ದೆ. ಅಜ್ಜಿ ಹಾರವಾಡದ ದಡದಲ್ಲಿ ಇಳಿದು, ಮೊಣಕಾಲವರೆಗೆ ನೀರಿಗೆ ಹೋಗಿ, ಮಾಲೆಯನ್ನು ಬಡಗಣ ದಿಕ್ಕಿಗೆ ಬಿಡುತ್ತಿದ್ದಳು. ನಾನೂ ಅಲ್ಲೇ ಇಳಿದೆ. ಇಳಿತದ ಹೊತ್ತು. ಮರಳು ತುಂಬ ದೂರ ಬಿಚ್ಚಿಕೊಂಡಿತ್ತು. ಸೀರೆ ಎತ್ತಿ ಕಟ್ಟಿಕೊಂಡು ನಡೆದೆ. ಬಾಳೆ ಎಲೆ ಬಿಡಿಸಿ ಮಾಲೆಯನ್ನು ನೀರಿಗೆ ಬಿಟ್ಟೆ. ಒಂದು ಅಲೆ ಅದನ್ನು ತಿರುಗಿ ನನ್ನ ಕಾಲಿಗೇ ತಂದು ಹಾಕಿತು. ಮತ್ತೆ ಬಿಟ್ಟೆ. ಮೂರನೇ ಸಲಕ್ಕೆ ಹೋಯಿತು.