212 ಬಿಲ್, ಎಲ್ಲದಕ್ಕೂ ಒಂದೇ ನಂಬರ್

ತಿಂಗಳ ಕೊನೆ ದಿನ ಸಂಜೆ ಅಕೌಂಟ್ಸ್ ಮೇಡಂ ಫೋನ್ ಮಾಡಿದರು. "ಏನ್ರೀ ಇದು, 212 ಬಿಲ್ ಹೋಗಿದೆ, ಎಲ್ಲದರ ಮೇಲೂ 1207 ಅಂತಲೇ ಇದೆಯಲ್ಲ?"

ಬಿಲ್ ಕಳಿಸೋ ಸ್ಕ್ರಿಪ್ಟ್‌ನ ಲಾಗ್ (ಅದು ಮಾಡಿದ ಕೆಲಸದ ದಾಖಲೆ) ತೆಗೆದು ನೋಡಿದೆ. ಒಂದೂ ಎರರ್ ಇಲ್ಲ. ಆದರೆ "ಎಲ್ಲಾ ಮುಗಿಯಿತು" ಅನ್ನೋ ಸಾಲು ಮೊದಲನೇ ಬಿಲ್‌ಗಿಂತ ಮುಂಚೆಯೇ ಪ್ರಿಂಟ್ ಆಗಿತ್ತು. ಎದೆ ಧಸಕ್ ಅಂತು.

ಜಾವಾಸ್ಕ್ರಿಪ್ಟ್‌ನಲ್ಲಿ ಆ ಕೋಡ್ ಬರೆದಿದ್ದು ನಾನೇ. ಗಿರಾಕಿಗಳ ಪಟ್ಟಿಯ ಮೇಲೆ ಒಂದು ಫಾರ್‌ಈಚ್ (ಪಟ್ಟಿಯ ಪ್ರತಿಯೊಬ್ಬರಿಗೂ ಒಂದೊಂದು ಸಲ ಫಂಕ್ಷನ್ ಕರೆಯೋದು), ಅದರೊಳಗೆ ಒಂದು ಅಸಿಂಕ್ ಫಂಕ್ಷನ್, ಅಂದರೆ ನಡುವೆ ಕಾಯಬಲ್ಲ ಫಂಕ್ಷನ್. ಕೊನೆಯ ನಂಬರ್ ಓದು, ಒಂದು ಕೂಡಿಸು, ಬರೆ, ಪಿಡಿಎಫ್ ಮಾಡಿ ಮೇಲ್ ಕಳಿಸು. ಪ್ರತಿ ಹೆಜ್ಜೆಗೂ ಅವೇಟ್ (ಇದು ಮುಗಿಯೋತನಕ ಕಾಯಿ ಅನ್ನೋ ಪದ) ಹಾಕಿದ್ದೆ, ಹಾಗಾಗಿ ಸಾಲಾಗಿ ನಡೆಯುತ್ತೆ ಅಂತ ಧೈರ್ಯ. ಟೆಸ್ಟ್ ಮಾಡಿದ್ದು ಒಬ್ಬನೇ ಗಿರಾಕಿ ಮೇಲೆ. ಒಬ್ಬನೇ ಇದ್ದರೆ ಸಾಲು ತಪ್ಪೋದು ಹೇಗೆ ಹೇಳಿ!

ಅವೇಟ್ ನಿಲ್ಲಿಸೋದು ತಾನಿರುವ ಫಂಕ್ಷನ್ ಒಂದನ್ನು ಮಾತ್ರ. ಹೊರಗಿನ ಫಾರ್‌ಈಚ್‌ಗೆ ಅದು ಗೊತ್ತೇ ಆಗಲ್ಲ. ಅಸಿಂಕ್ ಫಂಕ್ಷನ್ ಮೊದಲನೇ ಅವೇಟ್ ಸಿಕ್ಕ ಕೂಡಲೇ ಒಂದು ಪ್ರಾಮಿಸ್, ಅಂದರೆ ಫಲ ಆಮೇಲೆ ಕೊಡ್ತೀನಿ ಅನ್ನೋ ಚೀಟಿ, ಕೈಗಿಟ್ಟು ಹೊರಗೆ ಬರುತ್ತೆ, ಫಾರ್‌ಈಚ್ ಆ ಪ್ರಾಮಿಸನ್ನು ಕಸಕ್ಕೆ ಹಾಕಿ ಮುಂದಿನವನನ್ನು ಕರೆಯುತ್ತೆ. ಒಬ್ಬರೂ ಹೊಸ ನಂಬರ್ ಬರೆಯೋ ಮುಂಚೆ 212 ಜನರೂ ಡೇಟಾಬೇಸ್ ಮುಂದೆ ನಿಂತು 1206 ಅಂತ ಓದಿಕೊಂಡಿದ್ದರು. ಎಲ್ಲರೂ ಒಂದು ಕೂಡಿಸಿದರು. ಬಿಲ್ ನಂಬರ್ ಕಾಲಂಗೆ ಯೂನಿಕ್ ನಿರ್ಬಂಧ (ಒಂದೇ ನಂಬರ್ ಎರಡು ಸಲ ಬೇಡ ಅನ್ನೋ ಕಟ್ಟು) ಹಾಕಿದ್ದರೆ ಎರಡನೇ ಬಿಲ್‌ಗೇ ಸಿಕ್ಕಿಬೀಳುತ್ತಿತ್ತು, ಅದನ್ನೂ ಹಾಕಿರಲಿಲ್ಲ. ಸುತ್ತ ಎರರ್ ಹಿಡಿಯೋ ಟ್ರೈ ಕ್ಯಾಚ್ ಅಂತೂ ಇತ್ತು, ಆದರೆ ಅದು ಬರೀ ಅಲಂಕಾರ: ಒಳಗೆ ಅವೇಟ್ ಆದಮೇಲೆ ಏನು ಬಿದ್ದರೂ ಅದಕ್ಕೆ ಸಿಗಲ್ಲ.

ಸಾಮಾನ್ಯ ನಂಬರ್ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್ ನಂಬರ್ ಒಂದರ ಹಿಂದೆ ಒಂದು ಬರಬೇಕು, ಆ ಹಣಕಾಸು ವರ್ಷದಲ್ಲಿ ಅದೇ ನಂಬರ್ ಇನ್ನೊಂದಕ್ಕೆ ಇರಬಾರದು.

ಫಾರ್‌ಈಚ್ ತೆಗೆದು ಫಾರ್ ಆಫ್ ಲೂಪ್ ಹಾಕಿದೆ, ಅಷ್ಟೇ. ಅದರೊಳಗಿನ ಅವೇಟ್ ಲೂಪನ್ನೇ ನಿಲ್ಲಿಸುತ್ತೆ. ಮ್ಯಾಪ್‌ನಿಂದ ಎಲ್ಲ ಪ್ರಾಮಿಸ್ ಒಟ್ಟು ಮಾಡಿ ಪ್ರಾಮಿಸ್ ಡಾಟ್ ಆಲ್‌ಗೆ ಕೊಡು ಅಂತ ಗೆಳೆಯನೊಬ್ಬ ಹೇಳಿದ. ಅದು ಎಲ್ಲ ಮುಗಿಯೋತನಕ ಕಾಯುತ್ತೆ ನಿಜ, ಆದರೆ ಅಷ್ಟೊತ್ತಿಗೆ ಎಲ್ಲವೂ ಒಟ್ಟಿಗೇ ಶುರುವಾಗಿರುತ್ತವೆ, ನನ್ನ ರೋಗಕ್ಕೆ ಮದ್ದಲ್ಲ. ರೆಡ್ಯೂಸ್ ಹಿಡಿದು ಒಂದು ಮುಗಿದಮೇಲೆ ಇನ್ನೊಂದು ಅನ್ನೋ ಪ್ರಾಮಿಸ್ ಸರಪಳಿ ಕಟ್ಟೋದೂ ಇದೆ, ಆರು ತಿಂಗಳಾದಮೇಲೆ ಬರೆದವನಿಗೇ ಅರ್ಥ ಆಗಲ್ಲ. ಕೋಡ್‌ನಲ್ಲಿ ತಪ್ಪು ಹುಡುಕೋ ಇಎಸ್‌ಲಿಂಟ್ ಬೇರೆ "ಲೂಪ್ ಒಳಗೆ ಅವೇಟ್ ಬೇಡ" ಅಂತ ಬೈಯಿತು. ಒಂದರ ಫಲ ಇನ್ನೊಂದಕ್ಕೆ ಬೇಕಾದಾಗ ಆ ರೂಲ್ ಬಿಡಬಹುದು ಅಂತ ಅದರ ಕೈಪಿಡಿಯೇ ಹೇಳುತ್ತೆ. ಆ ಲೂಪ್‌ನಲ್ಲಿ ಕಾರಣ ಬರೆದು ಬಾಯಿ ಮುಚ್ಚಿಸಿದೆ.

ಈಗ ನಿಧಾನ ಆಯಿತು. ಪಿಡಿಎಫ್, ಮೇಲ್ ಎಲ್ಲ ಸೇರಿ ಒಂದು ಬಿಲ್‌ಗೆ ಎರಡು ಸೆಕೆಂಡ್ ಹಿಡಿದರೂ ಏಳು ನಿಮಿಷ. ಆದರೆ ಸಾಲು ಬೇಕಿದ್ದದ್ದು ನಂಬರ್ ಕೊಡೋದಕ್ಕೆ ಮಾತ್ರ ಅಲ್ವಾ? ಹಾಗಾಗಿ ಮೊದಲು ನಂಬರ್ ಹಂಚುವ ಲೂಪ್, ಆಮೇಲೆ ಪಿಡಿಎಫ್ ಮತ್ತು ಮೇಲ್ ಹತ್ತತ್ತರ ಗುಂಪಿನಲ್ಲಿ.

ಇಷ್ಟಾದರೂ ಇಬ್ಬರು ಒಂದೇ ಹೊತ್ತಿಗೆ ಸ್ಕ್ರಿಪ್ಟ್ ಓಡಿಸಿದರೆ ಮತ್ತೆ ಅದೇ ಕಥೆ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ತಾನೇ ಮುಂದಿನ ನಂಬರ್ ಕೊಡೋ ಸೌಲಭ್ಯ) ಬಳಸೋಣ ಅಂದುಕೊಂಡೆ, ಆದರೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದರೆ, ಅಂದರೆ ಕೆಲಸ ಅರ್ಧಕ್ಕೆ ರದ್ದಾದರೆ, ಅದು ಕೊಟ್ಟ ನಂಬರ್ ವಾಪಸ್ ಬರಲ್ಲ, ನಡುವೆ ಖಾಲಿ ಉಳಿಯುತ್ತೆ. ಕೊನೆಗೆ ಕೊನೆಯ ನಂಬರ್ ಇಡೋ ಕೌಂಟರ್ ಟೇಬಲ್‌ನ ಒಂದು ಸಾಲನ್ನು ಲಾಕ್ ಮಾಡಿ (ಒಬ್ಬರು ಮುಗಿಸೋತನಕ ಇನ್ನೊಬ್ಬರು ಕಾಯಬೇಕು) ನಂಬರ್ ತೆಗೆಯೋ ಹಾಗೆ ಮಾಡಿದೆ. ಯೂನಿಕ್ ನಿರ್ಬಂಧವೂ ಬಂತು, ತಡವಾಗಿ.

ಸರಿ ಮಾಡಿದ ಬಿಲ್‌ಗಳನ್ನು ಮತ್ತೆ ಕಳಿಸಬೇಕಿತ್ತು. "ಮೇಡಂ, ಸ್ಕ್ರಿಪ್ಟ್ ಓಡಿಸಲಾ?" ಅಂತ ಕೇಳಿದೆ. "ಮೊದಲು ಮೂರು ಬಿಲ್ ಮಾಡಿ ನನ್ನ ಮೇಲ್‌ಗೆ ಕಳಿಸಿ, ನೋಡೋಣ" ಅಂದರು.